ಫಿಲ್ಟರ್ ಇಲ್ಲದ ಫೋಟೋ ನೋಡಿ "ಇದು ನಾನಲ್ಲ" ಅಂತಿದ್ದಾರೆ. ನಿಮಗೂ ಈ ಅನುಭವ ಇದೆಯಾ?

ದಾವಣಗೆರೆ ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋ ತೆಗೆಯೋದು ನನ್ನ ಕಸುಬು. ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಆಗ್ತಿರೋ ಒಂದು ಸಂಗತಿ ಹೇಳ್ತೀನಿ, ನಿಮ್ಮ ಅಭಿಪ್ರಾಯ ಬೇಕು.

ಆಲ್ಬಂ ಮಾಡೋ ಮೊದಲು ಫೋಟೋ ಆರಿಸೋಕೆ ಮನೆಯವರನ್ನ ಕರೀತೀವಿ. ಆ ಹೊತ್ತಿಗೆ ಕಲರ್ ಕರೆಕ್ಷನ್ ಅಷ್ಟೇ ಆಗಿರುತ್ತೆ, ಮುಖಕ್ಕೆ ಕೈ ಹಚ್ಚಿರಲ್ಲ. ಧಾರೆ ಫೋಟೋ ತೆರೆದ ಕೂಡಲೇ ಮದುಮಗಳು "ಅಣ್ಣಾ, ಇದು ಬೇಡ, ಇದು ನಾನಲ್ಲ" ಅಂತಾಳೆ. ಫೋಕಸ್ ಸರಿಯಾಗಿದೆ, ರೆಪ್ಪೆಗೂದಲು ಒಂದೊಂದೇ ಎಣಿಸಬಹುದು. ಅವಳನ್ನ ಕಾಡೋದು ಚರ್ಮ. ಮೂಗಿನ ಪಕ್ಕದ ಸಣ್ಣ ರಂಧ್ರ, ಅರಿಶಿನ ಶಾಸ್ತ್ರದ ಹಳದಿ ಕಿವಿ ಹತ್ತಿರ ಉಳಿದಿರೋದು, ನಿದ್ದೆಗೆಟ್ಟ ಕಣ್ಣು. ಪಕ್ಕದಲ್ಲಿ ಕೂತ ತಾಯಿ "ಲಕ್ಷಣವಾಗೇ ಇದೆಯಲ್ಲೇ" ಅಂತಾರೆ. ಹುಡುಗಿ ತನ್ನ ಫೋನ್ ತೆಗೆದು ಸೆಲ್ಫಿ ತೋರಿಸಿ "ನೋಡಿ, ನಾನಿರೋದು ಹೀಗೆ" ಅಂತಾಳೆ. ಆ ಸೆಲ್ಫಿ ತೆಗೆದದ್ದೂ ಅದೇ ಮಂಟಪದಲ್ಲಿ, ಅದೇ ಬೆಳಕಲ್ಲಿ.

ಹುಡುಗರೂ ಕಮ್ಮಿ ಇಲ್ಲ. ಮೊನ್ನೆ ಒಬ್ಬ ಮದುಮಗ ಗಡ್ಡದ ಅಂಚು ಗೆರೆ ಎಳೆದ ಹಾಗೆ ಇರಬೇಕು ಅಂತ ಪಟ್ಟು ಹಿಡಿದ.

ರೀಟಚ್ ಮಾಡಿಕೊಡೋದು ನನ್ನ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಆದರೆ ಮೊದಲು ಜನ "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅಂತಿದ್ದರು. ತಾವು ಹೇಗಿದ್ದೀವಿ ಅನ್ನೋದು ಅವರಿಗೆ ಗೊತ್ತಿರ್ತಿತ್ತು, ಬೇರೆ ಥರ ಕಾಣಬೇಕು ಅನ್ನೋ ಆಸೆ ಇತ್ತು. ಈಗ "ಇದು ನಾನಲ್ಲ" ಅಂತಾರೆ, ಮನಸಾರೆ ನಂಬಿ ಹೇಳ್ತಾರೆ. ಈ ಬದಲಾವಣೆ ನನಗೆ ಸಣ್ಣದಾಗಿ ಕಾಣ್ತಿಲ್ಲ.

ಹಳೇ ನೆಗೆಟಿವ್, ಶಿವಮೊಗ್ಗ

ನಾನು ಡಾರ್ಕ್ ರೂಮ್ ಕಾಲದವನು. ಟಚಿಂಗ್ ನಮ್ಮಲ್ಲೂ ಇತ್ತು. ನೆಗೆಟಿವ್ ಮೇಲೆ ದ್ರಾವಣ ಸವರಿ, ಸೂಜಿ ಹಾಗೆ ಹೆರೆದ ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆ ಇಡ್ತಿದ್ದೆವು. ಮೊಡವೆ ಕಲೆ, ಕಣ್ಣ ಕೆಳಗಿನ ಕಪ್ಪು ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತೆ. ಅಲ್ಲಿ ಸೀಸ ಕೂರಿಸಿದರೆ ಪ್ರಿಂಟ್‌ನಲ್ಲಿ ಆ ಜಾಗ ಬೆಳ್ಳಗಾಗುತ್ತೆ. ಗಂಡಿನ ಮನೆಗೆ ಕಳಿಸೋ ಫೋಟೋ ಟಚಿಂಗ್ ಇಲ್ಲದೆ ಅಂಗಡಿಯಿಂದ ಆಚೆ ಹೋಗ್ತಿರಲಿಲ್ಲ. ಕಪ್ಪು ಬಿಳುಪು ಪ್ರಿಂಟ್‌ಗೆ ಕುಂಚದಲ್ಲಿ ಬಣ್ಣ ಹಚ್ಚಿ ಸೀರೆ ಹಸಿರು, ಕೆನ್ನೆ ಕೆಂಪು ಮಾಡ್ತಿದ್ದೆವು. ಹಿಂದೆ ಪರದೆ ಮೇಲೆ ಕೊಳ, ಕಂಬ, ಅರಮನೆ ಮೆಟ್ಟಿಲು. ಹಾಗಾಗಿ ಫೋಟೋದ ಸುಳ್ಳು ಫೋನ್ ಬಂದ ಮೇಲೆ ಶುರುವಾಯ್ತು ಅನ್ನೋದನ್ನ ನಾನು ಒಪ್ಪಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಆಗ ಫೋಟೋ ಅಪರೂಪ, ಕನ್ನಡಿ ದಿನಾ. ತಿದ್ದಿದ ಮುಖ ಗೋಡೆ ಮೇಲೆ ಒಂದೇ ಇರ್ತಿತ್ತು, ತಿದ್ದದ ಮುಖವನ್ನ ಬೆಳಿಗ್ಗೆ ಎದ್ದು ನೋಡ್ತಿದ್ದರು. ಈಗ ಹುಡುಗರು ತಮ್ಮ ಮುಖವನ್ನ ಕನ್ನಡಿಗಿಂತ ಹೆಚ್ಚು ಸಲ ಫೋನ್‌ನಲ್ಲಿ ನೋಡ್ತಾರೆ. ನಿಮ್ಮ ಮದುಮಗಳು ಸುಳ್ಳು ಹೇಳ್ತಿಲ್ಲ. ಅವಳಿಗೆ ಪರಿಚಯ ಇರೋ ಮುಖ ಅದೇ.

ಕುಡ್ಲದ ಹುಡುಗಿ

ಫಿಲ್ಟರ್ ವಿಷಯ ಬಂದಾಗಲೆಲ್ಲ ಹುಡುಗಿಯರಿಗೆ ಬುದ್ಧಿ ಹೇಳುವವರೇ ಜಾಸ್ತಿ ಮಾರಾಯ್ರೆ. ನನ್ನದೂ ಸ್ವಲ್ಪ ಕೇಳಿ.

ನನ್ನ ಮೈಬಣ್ಣ ಕಪ್ಪು. ಶಾಲೆಯ ಗ್ರೂಪ್ ಫೋಟೋ ಯಾವುದು ತೆಗೆದರೂ ನನ್ನ ಮುಖ ಇಲ್ಲ, ಕಣ್ಣು ಮತ್ತು ಹಲ್ಲು ಮಾತ್ರ ಉಂಟು. ಆ ಫೋಟೋಗಳಿಗೆ ಯಾರೂ ಫಿಲ್ಟರ್ ಹಾಕಿರಲಿಲ್ಲ. ಅಮ್ಮ ಪ್ರತಿ ವರ್ಷ ದುಡ್ಡು ಕೊಟ್ಟು ತಂದು, ಆಲ್ಬಂನಲ್ಲಿ ಹಾಕಿ, ಏನೂ ಹೇಳದೆ ಮುಚ್ಚುತ್ತಿದ್ದರು. ನನ್ನ ಬಣ್ಣ ಕನ್ನಡಿಯಲ್ಲಿ ಕಾಣುವ ಹಾಗೆಯೇ ಫೋಟೋದಲ್ಲಿ ಕಂಡದ್ದು ನಾನೇ ಫೋನಿನಲ್ಲಿ ಬೆಳಕು ಏರಿಸಿ, ಬೆಚ್ಚಗಿನ ಟೋನ್‌ನ ಫಿಲ್ಟರ್ ಹಾಕಿದ ಮೇಲೆ. ಹಾಗಿರುವಾಗ ಫಿಲ್ಟರ್ ಇಲ್ಲದ್ದು ಸತ್ಯ, ಇದ್ದದ್ದು ಸುಳ್ಳು ಅಂತ ನನಗೆ ಹೇಳ್ಲಿಕ್ಕೆ ಬರಬೇಡಿ.

ಬ್ಯೂಟಿ ಫಿಲ್ಟರ್ ಬೇರೆ ವಿಷಯ. ಅದರ ಮೇಲೆ ನನಗೂ ಸಿಟ್ಟು ಉಂಟು. ಹೂವಿನ ಕಿರೀಟ ಇರಲಿ, ನಾಯಿಯ ಕಿವಿ ಇರಲಿ, ಕೇಳದೆಯೇ ಮೊದಲು ಮುಖ ಬೆಳ್ಳಗಾಗ್ತದೆ, ಮೂಗು ಸಪೂರ ಆಗ್ತದೆ. ಕಿವಿ ಹಾಕ್ಲಿಕ್ಕೆ ಮೂಗು ಯಾಕೆ ಸಪೂರ ಆಗಬೇಕು?

ಓದುಗ, ಧಾರವಾಡ

ಕುಡ್ಲದ ತಂಗಿ ಹೇಳಿದ್ದಕ್ಕೆ ದೊಡ್ಡ ಚರಿತ್ರೆಯೇ ಇದೆ. ಹಿಂದೆ ಕಲರ್ ಲ್ಯಾಬ್‌ಗಳಿಗೆ ಕೊಡಾಕ್ ಕಂಪನಿ ಒಂದು ಮಾದರಿ ಫೋಟೋ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಂಗಸೊಬ್ಬಳ ಚಿತ್ರ. ಮೊದಲ ಮಾದರಿಯಾಗಿದ್ದ ಉದ್ಯೋಗಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರು ಬಿತ್ತು. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿ ಇದೆ ಎಂದು ಲೆಕ್ಕ. ಕಪ್ಪು ಮುಖದ ವಿವರಗಳು ಆ ಫಿಲ್ಮ್‌ನಲ್ಲಿ ಕರಗಿ ಹೋಗುತ್ತಿದ್ದವು. ಕಂಪನಿ ಕಂದು ಬಣ್ಣಗಳ ಕಡೆ ಗಮನ ಕೊಡಲು ಮುಖ್ಯ ಕಾರಣವಾದದ್ದು ಚಾಕೊಲೇಟ್ ತಯಾರಕರು ಮತ್ತು ಮರದ ಪೀಠೋಪಕರಣ ಮಾರುವವರು. ತಮ್ಮ ಸರಕಿನ ಬಣ್ಣಗಳ ನಡುವಿನ ವ್ಯತ್ಯಾಸ ಕಾಣುತ್ತಿಲ್ಲ ಎಂದು ಅವರು ದೂರಿದರು. ಮನುಷ್ಯರ ದೂರಿಗಿಂತ ಮೇಜು ಕುರ್ಚಿಯ ದೂರಿಗೆ ಬೆಲೆ ಸಿಕ್ಕಿತು ಎನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಇನ್ನೂ ಹಿಂದಕ್ಕೆ ಹೋಗಿ. ಮನೆಯಲ್ಲಿ ಮುತ್ತಜ್ಜಿಯ ಕಾಲದ ಗಾಜಿನ ಪ್ಲೇಟಿನ ಫೋಟೋ ಇದ್ದರೆ ಹಣೆ ನೋಡಿ. ಕುಂಕುಮ ಕಪ್ಪಗೆ ಇರುತ್ತದೆ. ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ನಾಟುತ್ತಿತ್ತು, ಕೆಂಪು ಹೆಚ್ಚುಕಮ್ಮಿ ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಆಕಾಶ ಬರೀ ಬಿಳಿ, ಕುಂಕುಮ ಕಪ್ಪು, ಕೆಂಪು ಸೀರೆಯೂ ಕಪ್ಪು, ನಮ್ಮವರ ಮೈಬಣ್ಣ ಇದ್ದದ್ದಕ್ಕಿಂತ ಗಾಢ. "ಹಿಂದಿನವರೆಲ್ಲ ಬಹಳ ಕಪ್ಪಿದ್ದರು" ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟಲ್ಲ, ಅದರಲ್ಲಿ ಅರ್ಧ ಆ ಪ್ಲೇಟಿನ ರಸಾಯನಶಾಸ್ತ್ರ.

ಫೋನಿನ ಕಾಲದಲ್ಲಿಯೂ ಇದು ಮುಗಿಯಲಿಲ್ಲ. 2017ರಲ್ಲಿ ಫೇಸ್‌ಆ್ಯಪ್ ಮುಖವನ್ನು ಆಕರ್ಷಕ ಮಾಡುವ ಒಂದು ಫಿಲ್ಟರ್ ತಂದಿತು. ಕಪ್ಪು ಜನರ ಮುಖ ಹಾಕಿದರೆ ಅದು ಬೆಳ್ಳಗೆ ಮಾಡಿ ಕೊಡುತ್ತಿತ್ತು. ಕಂಪನಿ ಕ್ಷಮೆ ಕೇಳಿತು, ತರಬೇತಿಗೆ ಬಳಸಿದ ಚಿತ್ರಗಳಲ್ಲಿದ್ದ ಪಕ್ಷಪಾತ ಎಂದಿತು.

ಇಳಕಲ್ ಸೀರಿ

ನಂದೊಂದು ಬ್ಯಾರೆ ತ್ರಾಸ ಐತ್ರಿ. ನಮ್ಮದು ಸೀರಿ ವ್ಯಾಪಾರ. ಈಗ ಅರ್ಧ ಗಿರಾಕಿ ವಾಟ್ಸಾಪ್‌ನ್ಯಾಗ ಫೋಟೋ ನೋಡೇ ತಗೋತಾರ. ದಾಳಿಂಬರಿ ಕೆಂಪಿನ ಸೆರಗ ಫೋಟೋ ಹೊಡದ್ರ ಫೋನಿನ್ಯಾಗ ಅದು ಉರಿಯೋ ಗುಲಾಬಿ ಆಗ್ತದ. ಟೋಪ ತೆನಿ ಅನ್ನೋ ಸೆರಗಿನ ವಿನ್ಯಾಸದ ಗೆರಿ ಕೆಂಪಿನ್ಯಾಗ ಮುಳುಗಿ ಬಿಡ್ತಾವ. ಸೀರಿ ಮುಟ್ಟಿದ ಮ್ಯಾಲೆ "ಫೋಟೋದಾಗಿನ ಬಣ್ಣ ಅಲ್ರಿ ಇದು" ಅಂತ ವಾಪಸ್ ಕಳಸ್ತಾರ. ಹೋಗೋ ಬರೋ ಖರ್ಚೆಲ್ಲಾ ನಮ್ಮ ಮ್ಯಾಲೆ.

ಅದನ್ನ ಹ್ಯಾಂಗೋ ಸಹಿಸಬಹುದು. ಆದ್ರ ಈಗ ಹೊಸಾದೊಂದು ಸುರು ಆಗೇದ. ಗಿರಾಕಿ ಯಾವುದೋ ರೀಲ್ಸಿನ ಫೋಟೋ ಕಳಿಸಿ "ಇದೇ ಬಣ್ಣದಾಗ ನೇಯ್ಸಿ ಕೊಡ್ರಿ" ಅಂತಾರ. ಆ ಬಣ್ಣ ಫಿಲ್ಟರಿನ್ಯಾಗ ಐತಿ, ನೂಲಿನ್ಯಾಗ ಇಲ್ಲ. ಬಣ್ಣಾ ಹಾಕೋ ಹಿರ್ಯಾರು ಆ ಫೋಟೋ ಹಿಡಕೊಂಡು ಬಣ್ಣ ಬೆರೆಸಿ ಬೆರೆಸಿ ಸೋತು ಹೋಗ್ಯಾರ. "ಇಂಥಾ ಹಸರ ನಾ ಎಲ್ಲೂ ನೋಡಿಲ್ಲೋ ತಮ್ಮಾ" ಅಂದ್ರು ನನಗ. ಗಿಣಿ ಹಸರು, ನವಿಲು ಹಸರು ಅಂತ ಹಕ್ಕಿ ನೋಡಿ ಬಣ್ಣಾ ಹೇಳೋ ಮಂದಿ ನಾವು. ಈಗ ಫೋನ್ ನೋಡಿ ನೂಲಿಗೆ ಬಣ್ಣಾ ಹಾಕೋ ಹಂಗಾಗೇದ.

ದಾವಣಗೆರೆ ಸ್ಟುಡಿಯೋ

ಇದನ್ನ ನಾನು ಯೋಚಿಸೇ ಇರಲಿಲ್ಲ ಅಣ್ಣಾ. ಪ್ರೀ ವೆಡ್ಡಿಂಗ್ ಶೂಟ್‌ನಲ್ಲೂ ಹೀಗೇ. ಹಂಪಿಗೆ ಹೋಗಿ, "ಫೋಟೋದಲ್ಲಿ ಕಿತ್ತಳೆ ಬಣ್ಣ ಇತ್ತು, ಇಲ್ಲಿ ಬಂಡೆ ಮಣ್ಣು ಬಣ್ಣಕ್ಕಿದೆ" ಅಂತ ಬೇಜಾರಾದವರಿದ್ದಾರೆ.

ಸೆನ್ಸರ್ ಬೆಂಗಳೂರು

ಕ್ಯಾಮೆರಾ ಚಿಪ್‌ಗಳ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡ್ತೀನಿ, ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ.

ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು ಬಿತ್ತು ಅನ್ನೋದಷ್ಟೇ ಗೊತ್ತು. ಅದಕ್ಕೇ ಪ್ರತಿ ಚುಕ್ಕೆ (ಪಿಕ್ಸೆಲ್) ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಸಣ್ಣ ಫಿಲ್ಟರ್ ಕೂರಿಸಿರ್ತಾರೆ. ಕೊಡಾಕ್‌ನ ವಿಜ್ಞಾನಿ ಬ್ರೈಸ್ ಬೇಯರ್ ರೂಪಿಸಿದ ಜೋಡಣೆ ಇದು, ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಚುರುಕು, ಆದ್ದರಿಂದ ಅರ್ಧ ಚುಕ್ಕೆಗಳು ಹಸಿರಿನವು. ಒಂದು ಚುಕ್ಕೆಗೆ ಒಂದೇ ಬಣ್ಣದ ಅಳತೆ ಸಿಗುತ್ತೆ, ಉಳಿದ ಎರಡನ್ನ ಅಕ್ಕಪಕ್ಕದ ಚುಕ್ಕೆಗಳಿಂದ ಲೆಕ್ಕ ಹಾಕಿ ತುಂಬಬೇಕು. ಅಂದರೆ ನಿಮ್ಮ ಫೋನ್‌ನ ಯಾವುದೇ ಫೋಟೋದಲ್ಲಿ ಬಣ್ಣದ ಮೂರನೇ ಎರಡು ಭಾಗ ಊಹೆ. ಅದರ ಮೇಲೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಏನೇ ಇರಲಿ, ಬಿಳಿ ಬಿಳಿಯಾಗೇ ಕಾಣೋ ಹಾಗೆ ಹೊಂದಿಸೋದು), ಶಾರ್ಪ್‌ನೆಸ್, ನೆರಳು ಎತ್ತೋದು, ಹಲವು ಫ್ರೇಮ್ ಸೇರಿಸೋದು ನಡೆಯುತ್ತೆ. ಫಿಲ್ಟರೇ ಇಲ್ಲದ ಡಿಜಿಟಲ್ ಫೋಟೋ ಅನ್ನೋದು ಇಲ್ಲ.

ಹಾಗಂತ ಎಲ್ಲ ಒಂದೇ ಅಂತ ನಾನು ಹೇಳಲ್ಲ. ಮಸುಕು ಬೆಳಕಲ್ಲಿ ಬಿದ್ದ ಅಳತೆಯಿಂದ ಬಣ್ಣ ಲೆಕ್ಕ ಹಾಕೋದು ಒಂದು. ಎದುರಿಗೆ ಇಲ್ಲದ್ದನ್ನ ನೆನಪಿನಿಂದ ತಂದು ಅಂಟಿಸೋದು ಇನ್ನೊಂದು. 2023ರ ಮಾರ್ಚ್‌ನಲ್ಲಿ ಒಬ್ಬರು ಚಂದ್ರನ ಚಿತ್ರವನ್ನ ಬೇಕಂತಲೇ ಪೂರ್ತಿ ಮಸುಕು ಮಾಡಿ ಕಂಪ್ಯೂಟರ್ ಪರದೆ ಮೇಲೆ ಇಟ್ಟು, ಕತ್ತಲೆ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿಂದ ಫೋಟೋ ತೆಗೆದರು. ಪರದೆ ಮೇಲೆ ಇರದೇ ಇದ್ದ ಕುಳಿಗಳು ಫೋಟೋದಲ್ಲಿ ಬಂದವು. ದೃಶ್ಯ ಗುರುತಿಸೋ ಎಐ ಚಂದ್ರ ಅಂತ ಕಂಡುಕೊಂಡು ವಿವರ ಹೆಚ್ಚಿಸುತ್ತೆ ಅಂತ ಕಂಪನಿ ವಿವರಣೆ ಕೊಟ್ಟಿತು.

ನನಗೆ ಕಾಳಜಿ ಇರೋದು ನೀವು ಬೆರಳಿಟ್ಟು ಆರಿಸೋ ಫಿಲ್ಟರ್ ಬಗ್ಗೆ ಅಲ್ಲ. 2010ರಲ್ಲಿ ಇನ್‌ಸ್ಟಾಗ್ರಾಂ ಬಂದಾಗ ಫೋಟೋಗೆ ಹಳೇ ಫಿಲ್ಮ್‌ನ ಬಣ್ಣ ಕೊಡೋದು ಆಟವಾಗಿತ್ತು, ಎಲ್ಲರಿಗೂ ಗೊತ್ತಿತ್ತು. ಈಗ ಫೋನ್ ಪೆಟ್ಟಿಗೆಯಿಂದ ತೆಗೆದಾಗಲೇ ಎಷ್ಟೋ ಆನ್ ಆಗಿರುತ್ತೆ, ಶಟರ್ ಒತ್ತೋ ಮುಂಚೆ ಕೆಲಸ ಮುಗಿದಿರುತ್ತೆ. ಆರಿಸಿದ್ದು ಯಾರು ಅನ್ನೋದೇ ಪ್ರಶ್ನೆ.

ಬೇ ಏರಿಯಾ ಕನ್ನಡತಿ

ಇದಕ್ಕೆ ನನ್ನ ಹತ್ತಿರ ಕಣ್ಣಾರೆ ಕಂಡ ಸಾಕ್ಷಿ ಇದೆ. 2020ರ ಸೆಪ್ಟೆಂಬರ್ 9. ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಹೊಗೆ ಮೇಲೆ ಹಬ್ಬಿ, ಕೆಳಗೆ ಮಂಜು ಕೂತು, ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ಬೆಳಗಾಗಲೇ ಇಲ್ಲ. ಹಗಲು ಹೊತ್ತಲ್ಲಿ ಬೀದಿ ದೀಪ ಉರೀತಿದ್ದವು, ಆಕಾಶ ಪೂರ್ತಿ ಕಡು ಕಿತ್ತಳೆ. ಮಕ್ಕಳು ಹೆದರಿದ್ದರು. ಫೋನ್ ಎತ್ತಿ ಫೋಟೋ ತೆಗೆದರೆ ಬೂದು ಬಣ್ಣ, ಮೋಡ ಕವಿದ ಮಾಮೂಲಿ ದಿನ! ಹಾಸನದಲ್ಲಿದ್ದ ಅಮ್ಮನಿಗೆ ಕಳಿಸಿದೆ. "ಮಳೆ ಬರೋ ಹಾಗಿದೆಯಲ್ಲ, ಬಟ್ಟೆ ಒಳಗೆ ಹಾಕು" ಅಂದರು.

ಇಷ್ಟು ಕಿತ್ತಳೆ ಆಕಾಶ ಇರೋಕೆ ಸಾಧ್ಯ ಇಲ್ಲ ಅಂತ ಫೋನ್ ತೀರ್ಮಾನ ಮಾಡಿ ಸರಿಪಡಿಸಿತ್ತು. ನನಗೊಬ್ಬಳಿಗೆ ಅಲ್ಲ, ಆ ದಿನ ಇಲ್ಲಿ ಸಾವಿರಾರು ಜನ ಇದನ್ನೇ ಹೇಳ್ತಿದ್ದರು. ವೈಟ್ ಬ್ಯಾಲೆನ್ಸ್ ಕೈಯಲ್ಲಿ ಹೊಂದಿಸೋ ಆ್ಯಪ್ ಹಾಕಿಕೊಂಡವರಿಗಷ್ಟೇ ನಿಜವಾದ ಬಣ್ಣ ಸಿಕ್ಕಿತು. ಹಾಗೆ ತೆಗೆದ ಫೋಟೋ ಹಾಕಿದರೆ ಊರಿನ ಗ್ರೂಪಲ್ಲಿ "ಫಿಲ್ಟರ್ ಹಾಕಿದ್ದೀರಿ ಬಿಡಿ" ಅಂದರು. ಆ ಮಾತು ನನಗೆ ಇವತ್ತಿಗೂ ಮರೆಯೋಕಾಗಿಲ್ಲ. ನಂಬಿದ್ದು ಬೂದು ಬಣ್ಣವನ್ನೇ.

ಕೊಪ್ಪದ ತೋಟ

ಈ ಮಾತು ಓದಿ ನಮ್ಮ ಅಡಿಕೆ ಗುಂಪು ನೆನಪಾಯ್ತು. ಎಲೆಚುಕ್ಕೆ ರೋಗ ಬಂದ ಮೇಲೆ ನಮ್ಮ ಕಡೆ ಬೆಳಗಾದರೆ ಸೋಗೆ ಫೋಟೋ ಹಾಕೋದೇ ಕೆಲಸ. ಕಂದು ಚುಕ್ಕೆ, ಅದರ ಸುತ್ತ ತೆಳು ಹಳದಿ ಅಂಚು, ಆರಂಭದ ಗುರುತು ಅದೇ. ಫೋನಿಗೆ ಎಲೆ ಕಂಡ್ರೆ ಸಾಕು, ಮೂಲೆಯಲ್ಲಿ ಸಣ್ಣ ಎಲೆ ಚಿತ್ರ ಬರ್ತದೆ, ಹಸಿರು ಏರಿಬಿಡ್ತದೆ. ಹಳದಿ ಅಂಚು ಹೋಯ್ತು! ಗುಂಪಿನಲ್ಲಿದ್ದ ತಿಳಿದವರು "ನಿಮ್ಮ ತೋಟ ಚೆನ್ನಾಗೇ ಉಂಟಲ್ಲ, ಹೆದರಬೇಡಿ" ಅಂತ ಬರೀತಾರೆ.

ಇದು ಚಂದದ ಪ್ರಶ್ನೆ ಅಲ್ಲ. ಎಲೆಚುಕ್ಕೆ ಶಿಲೀಂಧ್ರದಿಂದ ಬರೋದು, ಔಷಧಿ ಹೊಡೀಬೇಕು. ಹಳದಿ ಎಲೆ ರೋಗ ಬೇರೆ, ಅದಕ್ಕೆ ಮದ್ದಿಲ್ಲ. ಗೊಬ್ಬರ ಕಮ್ಮಿಯಾಗಿ ಹಳದಿಯಾಗೋದು ಇನ್ನೂ ಬೇರೆ. ಮೂರನ್ನೂ ಬಿಡಿಸಿ ಹೇಳಬೇಕಾದರೆ ಹಳದಿ ಎಲ್ಲಿಂದ ಶುರುವಾಗಿದೆ, ಎಷ್ಟು ದಪ್ಪ ಉಂಟು ಅಂತ ಕಾಣಬೇಕು. ಫೋಟೋ ನಂಬಿ ಮಳೆ ಬಿಡುವಿನಲ್ಲಿ ಹೊಡೆಯೋ ಒಂದು ಸಿಂಪಡಣೆ ತಪ್ಪಿದರೆ ಆ ವರ್ಷದ ಫಸಲಿಗೇ ಪೆಟ್ಟು.

ಇನ್ನು ಪ್ರವಾಸಿಗರು. ಮಾರ್ಚ್ ತಿಂಗಳಲ್ಲಿ ಬಂದು "ಫೋಟೋದಲ್ಲಿ ಇದ್ದಷ್ಟು ಹಸಿರಿಲ್ಲ" ಅಂತ ದೂರು. ಮಾರ್ಚ್‌ನಲ್ಲಿ ಗುಡ್ಡ ಒಣಗಿರ್ತದೆ, ಅದು ಅದರ ಕಾಲ.

ಜೀಪ್ ಚಿಕ್ಕಮಗಳೂರು

ಗಿರಿ ಕಡೆ ಜೀಪ್ ಓಡಿಸ್ತೀನಿ. 2022ರಲ್ಲಿ ನೀಲಕುರಿಂಜಿ ಅರಳಿದಾಗ ಜನಸಾಗರ. ಆ ಹೂವು ನಿಜಕ್ಕೂ ತಿಳಿ ನೀಲಿ, ಸ್ವಲ್ಪ ನೇರಳೆ ಛಾಯೆ. ಮಂಜು ಸರಿದಾಗ ದೂರದ ಗುಡ್ಡ ನೀಲಿಯಾಗಿ ಕಾಣುತ್ತೆ, ಹನ್ನೆರಡು ವರ್ಷಕ್ಕೊಮ್ಮೆ ಸಿಗೋ ನೋಟ. ಆದರೆ ಜನ ಫೋನಲ್ಲಿ ನೋಡಿ ಬಂದದ್ದು ಕಡು ನೇರಳೆ ಹಾಸು. ಇಳಿದ ಕೂಡಲೇ "ಇಷ್ಟೇನಾ?" ಅಂದವರನ್ನ ಬಹಳ ಕಂಡೆ. ಆಮೇಲೆ ತಾವೂ ಬಣ್ಣ ಏರಿಸಿ ಹಾಕಿದರು. ಅದನ್ನ ನೋಡಿ ಮಾರನೇ ದಿನ ಮತ್ತೊಂದಿಷ್ಟು ಜನ ಬಂದರು.

ಓದುಗ, ಧಾರವಾಡ

ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲೇ ಇದು ನಡೆದಿತ್ತು. ಸರೋವರಗಳ ನಾಡಿಗೆ ಹೋಗುವ ಪ್ರವಾಸಿಗರು ಕ್ಲಾಡ್ ಕನ್ನಡಿ ಎಂಬ ಸಣ್ಣ ಉಬ್ಬು ಕನ್ನಡಿ ಒಯ್ಯುತ್ತಿದ್ದರು. ಗಾಜಿಗೆ ಕಪ್ಪು ಛಾಯೆ. ಕ್ಲಾಡ್ ಲೊರೇನ್ ಎಂಬ ಚಿತ್ರಕಾರನ ಭೂದೃಶ್ಯಗಳ ಹಾಗೆ ನೋಟ ಮೆತ್ತಗೆ ಕಾಣುತ್ತದೆ ಎಂದು ಆ ಹೆಸರು. ನೋಡಬೇಕಾದ ಬೆಟ್ಟಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಅದರ ಪ್ರತಿಬಿಂಬ ನೋಡುವುದು ರೂಢಿ. 1769ರಲ್ಲಿ ಕವಿ ಥಾಮಸ್ ಗ್ರೇ ಆ ಕನ್ನಡಿ ಕೈಯಲ್ಲಿ ಹಿಡಿದುಕೊಂಡೇ ಒಂದು ಕೊಳಕು ಓಣಿಯಲ್ಲಿ ಹಿಂದಕ್ಕೆ ಬಿದ್ದು ಬೆರಳ ಗೆಣ್ಣಿಗೆ ಪೆಟ್ಟು ಮಾಡಿಕೊಂಡ.

ಆದರೆ ಆ ಕನ್ನಡಿಯನ್ನು ಜೇಬಿಗೆ ಹಾಕಿದರೆ ಬೆಟ್ಟ ಎದುರಿಗೇ ಇರುತ್ತಿತ್ತು. ಗ್ರೇ ತೆಗೆದುಕೊಂಡು ಹೋಗಿದ್ದ ಕನ್ನಡಿ ನೂರು ಮೈಲಿ ದೂರದ ಇನ್ನೊಬ್ಬನ ಕಣ್ಣನ್ನು ತಿದ್ದುತ್ತಿರಲಿಲ್ಲ. ಜೀಪಿನ ಅಣ್ಣ ಹೇಳಿದ ಸರಪಳಿ ಆಗ ಇರಲಿಲ್ಲ.

ಚರ್ಮವೈದ್ಯೆ, ಮೈಸೂರು

ಕೊಪ್ಪದವರ ಎಲೆಯ ವಿಷಯ ನನ್ನ ಕೊಠಡಿಯಲ್ಲಿ ಮನುಷ್ಯರ ಚರ್ಮದಲ್ಲಿ ನಡೀತಿದೆ. ಕೊರೋನಾ ನಂತರ ಫೋಟೋ ಕಳಿಸಿ ಸಲಹೆ ಕೇಳೋರು ಹೆಚ್ಚಾದರು. ಮುಂದಿನ ಕ್ಯಾಮೆರಾದಲ್ಲಿ ತೆಗೆದ ಫೋಟೋದಲ್ಲಿ ಬಂಗು ಮಾಯ, ಗುಳ್ಳೆಯ ಕೆಂಪು ಮಾಯ. "ಡಾಕ್ಟ್ರೇ, ಫೋಟೋದಲ್ಲಿ ಅಷ್ಟೊಂದು ಕಾಣಲ್ಲ, ಎದುರಿಗೆ ಜಾಸ್ತಿ ಇದೆ" ಅಂತ ಅವರೇ ಹೇಳ್ತಾರೆ. ನಾನು ಹಿಂದಿನ ಕ್ಯಾಮೆರಾದಲ್ಲಿ, ಕಿಟಕಿ ಬೆಳಕಲ್ಲಿ, ಬೇರೆಯವರ ಕೈಯಲ್ಲಿ ತೆಗೆಸಿ ಅಂತೀನಿ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ತಮ್ಮದೇ ಫಿಲ್ಟರ್ ಮುಖ ತೋರಿಸಿ "ಹೀಗೆ ಮಾಡಿಕೊಡಿ" ಅನ್ನೋರು ಬರ್ತಾರೆ. ಮುಂಚೆ ನಟಿಯ ಫೋಟೋ ತರ್ತಿದ್ದರು. ಲಂಡನ್ನಿನ ಸೌಂದರ್ಯ ಚಿಕಿತ್ಸಕ ಟಿಜಿಯನ್ ಎಶೋ ಇದಕ್ಕೆ ಸ್ನ್ಯಾಪ್‌ಚಾಟ್ ಡಿಸ್ಮಾರ್ಫಿಯಾ ಅಂತ ಹೆಸರಿಟ್ಟರು. ನಮ್ಮ ಕಡೆ ಇದರ ಪರಿಣಾಮ ಆಪರೇಷನ್‌ವರೆಗೂ ಹೋಗಲ್ಲ, ಮೆಡಿಕಲ್ ಶಾಪಿಗೆ ಹೋಗುತ್ತೆ. ಸ್ಟೀರಾಯ್ಡ್ ಬೆರೆತ ಟ್ಯೂಬ್ ಹಚ್ಚಿದರೆ ಒಂದೆರಡು ವಾರ ಮುಖ ಫೋನಲ್ಲಿ ಕಂಡ ಹಾಗೆಯೇ ನುಣುಪಾಗಿ ಬೆಳ್ಳಗಾಗುತ್ತೆ. ಬಿಟ್ಟರೆ ಕೆಂಪು, ಉರಿ, ಗುಳ್ಳೆ. ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ಸಣ್ಣ ರಕ್ತನಾಳ ಕಾಣೋಕೆ ಶುರುವಾಗುತ್ತೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಅಂದಿತು. ಆದರೂ ಸಿಗುತ್ತೆ. ಇದನ್ನ ಓದ್ತಿರೋ ಯಾರಾದರೂ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮವೈದ್ಯರನ್ನ ಕಂಡು ಹಂತಹಂತವಾಗಿ ಬಿಡಿ.

ಮೂಗಿನ ಬಗ್ಗೆ ಕೇಳಿದ ಹುಡುಗಿಗೆ ಒಂದು ಮಾತು. ಸೆಲ್ಫಿ ಕ್ಯಾಮೆರಾ ಹತ್ತಿರ ಇರೋದರಿಂದ ಮೂಗು ದೊಡ್ಡದಾಗೇ ಕಾಣುತ್ತೆ. 12 ಇಂಚು ದೂರದಿಂದ ತೆಗೆದರೆ 5 ಅಡಿ ದೂರದ ಫೋಟೋಗಿಂತ ಮೂಗಿನ ಅಗಲ ಸುಮಾರು ಶೇ 30ರಷ್ಟು ಹೆಚ್ಚು ಕಾಣುತ್ತೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಮೊದಲು ಲೆನ್ಸ್ ಮೂಗು ಹಿಗ್ಗಿಸುತ್ತೆ, ಆಮೇಲೆ ಫಿಲ್ಟರ್ ಕುಗ್ಗಿಸುತ್ತೆ. ಎರಡರಲ್ಲೂ ನಿಮ್ಮ ಮೂಗು ಇಲ್ಲ.

ಕುಡ್ಲದ ಹುಡುಗಿ

ಇದು ಯಾರೂ ಹೇಳಿರಲಿಲ್ಲ ಮೇಡಂ. ನನ್ನ ರೂಮ್‌ಮೇಟ್‌ಗೆ ಈಗಲೇ ತೋರಿಸ್ತೇನೆ, ಕ್ರೀಮಿನ ವಿಷಯವೂ ಅವಳಿಗೆ ಬೇಕು.

ಪತ್ರಿಕಾ ಫೋಟೋ, ಹುಬ್ಬಳ್ಳಿ

ನಮ್ಮ ಕ್ಷೇತ್ರದಾಗ ಇದು ದೊಡ್ಡ ಜಗಳ. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಡೇಮನ್ ವಿಂಟರ್ ಅಫ್ಘಾನಿಸ್ತಾನದ ಅಮೆರಿಕನ್ ಸೈನಿಕರನ್ನ ಐಫೋನಿನ ಹಿಪ್‌ಸ್ಟಮ್ಯಾಟಿಕ್ ಆ್ಯಪ್‌ನಿಂದ ತೆಗೆದರು. ಹಳೇ ಫಿಲ್ಮ್ ಥರದ ಬಣ್ಣ, ಕಪ್ಪು ಅಂಚು. ಮರುವರ್ಷ ಆ ಚಿತ್ರಗಳಿಗೆ ದೊಡ್ಡ ಸ್ಪರ್ಧೆಯೊಂದರಲ್ಲಿ ಮೂರನೇ ಬಹುಮಾನ ಬಂದಾಗ, ಯುದ್ಧಕ್ಕೆ ಹಳೇ ನೆನಪಿನ ಬಣ್ಣ ಬಳಿಯಬಹುದಾ ಅಂತ ಗದ್ದಲ ಎದ್ದಿತ್ತು. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತುಗಳಿಗೆ ಬಂದ ಚಿತ್ರಗಳಲ್ಲಿ ಸುಮಾರು ಶೇ 20ರಷ್ಟನ್ನ ಅತಿಯಾಗಿ ತಿದ್ದಿದ್ದಕ್ಕೆ ಹೊರಗೆ ಹಾಕಿದರು.

2019ರ ಆಗಸ್ಟಿನ ನೆರೆ ನೆನಪಿದೆಯಾ? ಮಲಪ್ರಭಾ, ಕೃಷ್ಣಾ ತೀರದ ಊರೂರೇ ನೀರಾಗಿದ್ದವು. ನೀರು ಕೆಂಪು ರಾಡಿ. ಆದರೆ ವಾಟ್ಸಾಪ್‌ನಲ್ಲಿ ಓಡಾಡಿದ ಕೆಲವು ಡ್ರೋನ್ ಚಿತ್ರಗಳಲ್ಲಿ ನೀರು ನೀಲಿ, ಹೊಲ ಹಸಿರು, ಕೆಳಗೆ "ಎಷ್ಟು ಸುಂದರ" ಅಂತ ಕಾಮೆಂಟ್. ಮನೆ ಕಳಕೊಂಡವರ ಊರು ಅದು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಆ ಆ್ಯಪ್ ಒಳಗಿನ ಆಟೋ ಬಟನ್ ಮಾಡಿದ್ದು. ರಾಡಿಯ ಬಣ್ಣ ತೆಗೆದರೆ ಆ ಫೋಟೋದಲ್ಲಿ ಸುದ್ದಿ ಉಳಿಯಲ್ಲ.

ಹಳೇ ನೆಗೆಟಿವ್, ಶಿವಮೊಗ್ಗ

ಸುದ್ದಿಗೆ ಒಪ್ಪಿದೆ. ಆದರೆ ಕಲೆಗೆ ಇದೇ ನಿಯಮ ತರಬೇಡಿ. 1927ರಲ್ಲಿ ಅಮೆರಿಕದ ಫೋಟೋಗ್ರಾಫರ್ ಅನ್ಸೆಲ್ ಆಡಮ್ಸ್ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನ ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ತನಗೆ ಅನ್ನಿಸಿದ ಭವ್ಯತೆ ಇದರಲ್ಲಿ ಬರಲ್ಲ ಅಂತ ಉಳಿದಿದ್ದ ಕೊನೇ ಪ್ಲೇಟಿಗೆ ಕಡು ಕೆಂಪು ಫಿಲ್ಟರ್ ಹಾಕಿದರು. ನೀಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಯ್ತು, ಬಂಡೆ ಎದ್ದು ನಿಂತಿತು. ಕಣ್ಣಿಗೆ ಹಾಗೆ ಕಂಡಿರಲಿಲ್ಲ, ಮನಸ್ಸಿಗೆ ಕಂಡಿತ್ತು. ಫಿಲ್ಟರ್ ಆರಿಸೋ ಮುಂಚೆ ಅವರು ಬಂಡೆಯನ್ನ ಕಣ್ತುಂಬ ನೋಡಿದ್ದರು. ನನ್ನ ಶಿಷ್ಯರಿಗೆ ನಾನು ಹೇಳಿಕೊಡೋದೂ ಇಷ್ಟೇ, ಮೊದಲು ನೋಡು, ಆಮೇಲೆ ಬದಲಾಯಿಸು.

ದಾವಣಗೆರೆ ಸ್ಟುಡಿಯೋ

ಇಷ್ಟೆಲ್ಲ ಓದಿದ ಮೇಲೂ ನನ್ನ ಪ್ರಶ್ನೆ ಹಾಗೇ ಇದೆ. ಮದುಮಗಳಿಗೆ ನಾನು ಏನು ಹೇಳಲಿ? ನಾರ್ವೆಯಲ್ಲಿ 2022ರಿಂದ ಮೈಕಟ್ಟು ತಿದ್ದಿದ ಜಾಹೀರಾತಿಗೆ ಗುರುತು ಹಾಕಲೇಬೇಕು ಅನ್ನೋ ಕಾನೂನಿದೆ. ಮನೆ ಆಲ್ಬಂಗೆ ಅದು ಅನ್ವಯಿಸಲ್ಲವಲ್ಲ.

ಕುಡ್ಲದ ಹುಡುಗಿ

ಅಣ್ಣಾ, ಬೇಜಾರು ಮಾಡಬೇಡಿ, ನೇರ ಹೇಳ್ತೇನೆ. ಮದುವೆ ಫೋಟೋದವರು ಲೈಟ್ ಇಡುವುದು ಬೆಳ್ಳಗಿರುವವರಿಗೆ ಲೆಕ್ಕ ಹಾಕಿ. ಕಪ್ಪಗಿರುವ ಹುಡುಗಿ ಬಂದರೆ ಮುಖಕ್ಕೆ ಎಲ್‌ಇಡಿ ಸುರಿದು ಬೂದಿ ಬಳಿದ ಹಾಗೆ ಮಾಡ್ತಾರೆ, ಆಮೇಲೆ ಎಡಿಟಿಂಗಿನವರು ಸ್ಕಿನ್ ಪ್ರಿಸೆಟ್ ಅಂತ ಮೊದಲೇ ಹೊಂದಿಸಿಟ್ಟ ತಿದ್ದುಪಡಿ ಹಾಕ್ತಾರೆ. ನನ್ನ ಅಕ್ಕನ ಆಲ್ಬಂನಲ್ಲಿ ಅವಳ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಮೆಹಂದಿಯ ಕೈ ಇನ್ನೊಂದು. ಅಂಥ ಫೋಟೋ ನೋಡಿ "ಇದು ನಾನಲ್ಲ" ಅಂದರೆ ಅದು ಸರಿಯಾದ ಮಾತೇ. ಮೊದಲು ನಮ್ಮ ಬಣ್ಣ ಸರಿಯಾಗಿ ತೆಗೆದುಕೊಡಿ, ಫಿಲ್ಟರ್ ಕೇಳುವವರು ತನ್ನಿಂತಾನೇ ಕಮ್ಮಿ ಆಗ್ತಾರೆ.

ಸೆನ್ಸರ್ ಬೆಂಗಳೂರು

ಇದರಲ್ಲಿ ತಾಂತ್ರಿಕವಾಗಿಯೂ ಹುರುಳಿದೆ. ಕ್ಯಾಮೆರಾ ಮೀಟರ್ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಫ್ರೇಮ್ ತುಂಬ ಬಿಳಿ ಯೂನಿಫಾರ್ಮ್ ಅಥವಾ ಬಿಳಿ ಪಂಚೆ ಇದ್ದರೆ ಬೆಳಕು ಇಳಿಸುತ್ತೆ, ಕಪ್ಪು ಮುಖಗಳು ಕತ್ತಲಾಗುತ್ತವೆ. ಶಾಲೆ ಫೋಟೋದಲ್ಲಿ ಆದದ್ದು ಅದೇ. ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯೋ ಸ್ಪಾಟ್ ಮೀಟರನ್ನ ಮುಖದ ಮೇಲೆ ಇಟ್ಟು, ರಾ ಫೈಲ್‌ನಲ್ಲಿ (ಸೆನ್ಸರ್‌ನ ಮೂಲ ಅಳತೆ ಉಳಿಸೋ ಫೈಲ್) ತೆಗೆದರೆ ಉಳಿಸಿಕೊಳ್ಳಬಹುದು. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಫೋನಿಗೆ ರಿಯಲ್ ಟೋನ್ ತಂದಾಗ ಕಪ್ಪು, ಕಂದು ಜನರನ್ನ ತೆಗೆಯೋ ಫೋಟೋಗ್ರಾಫರ್‌ಗಳನ್ನೇ ಕೂರಿಸಿಕೊಂಡು ಬಣ್ಣ ಹೊಂದಿಸಿತು. ಮನಸ್ಸು ಮಾಡಿದರೆ ಆಗುತ್ತೆ.

ಇಳಕಲ್ ಅಣ್ಣನಿಗೆ: ಸೀರೆಯನ್ನ ಹೊರಗೆ ನೆರಳಲ್ಲಿ ಹರಡಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಎಐ ಅಥವಾ ಸೀನ್ ಆಪ್ಟಿಮೈಸರ್ ಅಂತ ಇರೋದನ್ನ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನ ಆಟೋದಿಂದ ತೆಗೆದು ಒಂದೇ ಅಂಕಿಗೆ ನಿಲ್ಲಿಸಿ. ಕಡು ಕೆಂಪಿಗೆ ಬೆಳಕು ಸ್ವಲ್ಪ ಇಳಿಸಿ ತೆಗೆಯಿರಿ, ಇಲ್ಲದಿದ್ದರೆ ಕೆಂಪು ತುಂಬಿ ಹರಿದು ಗೆರೆಗಳು ಮುಚ್ಚಿ ಹೋಗ್ತವೆ. ಪಕ್ಕದಲ್ಲಿ ಬೂದು ಕಾರ್ಡ್ ಅಥವಾ ಬಿಳಿ ಹಾಳೆ ಇಟ್ಟು ಒಂದು ಫೋಟೋ ಕಳಿಸಿ. ಗಿರಾಕಿಯ ಪರದೆಯೂ ಬಣ್ಣ ಬದಲಿಸುತ್ತೆ, ಅದು ನಮ್ಮ ಕೈಲಿಲ್ಲ. ಕೊಪ್ಪದವರೂ ಹೀಗೇ ಮಾಡಿ, ವಾಟ್ಸಾಪ್‌ನಲ್ಲಿ ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ, ವಿವರ ಹಾಳಾಗಲ್ಲ.

ಇಳಕಲ್ ಸೀರಿ

ಉಪಕಾರ ಆತ್ರಿ. ನೂಲಿನ ಸಣ್ಣ ಎಳಿ ಲಕೋಟಿಯೊಳಗ ಹಾಕಿ ಅಂಚೆಯಲ್ಲಿ ಕಳಸೋದೂ ಸುರು ಮಾಡ್ತೀನಿ. ದೊಡ್ಡ ಆರ್ಡರ್ ಇದ್ದೋರಿಗೆ ಅದೇ ಬರೋಬ್ಬರಿ.

ಕೊಪ್ಪದ ತೋಟ

ಆಫ್ ಮಾಡಿ ತೆಗೆದೆ. ಹಳದಿ ಅಂಚು ಕಾಣ್ತಾ ಉಂಟು, ಕೆಳಗಿನ ಎರಡು ಸೋಗೆಯಲ್ಲಿ ಜಾಸ್ತಿ. ಗುಂಪಿಗೂ ಹಾಕಿದೆ, ತೋಟಗಾರಿಕೆ ಇಲಾಖೆಯವರಿಗೂ ಕಳಿಸಿದೆ. ಮಳೆ ಬಿಟ್ಟ ಕೂಡಲೇ ಔಷಧಿ ಹೊಡೆಯೋದು ಅಂತ ತೀರ್ಮಾನ ಆಯ್ತು. ಹೇಗೆ ಆಫ್ ಮಾಡೋದು ಅಂತ ಗುಂಪಿನಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ, ಬೆಂಗಳೂರಿನವರು ಬೇರೆ ಬೇರೆ ಫೋನಿಗೆ ಎಲ್ಲೆಲ್ಲಿ ಇರ್ತದೆ ಅಂತ ಒಂದು ಸಲ ಬರೆದು ಕೊಟ್ಟರೆ ಉಪಕಾರ.

ದಾವಣಗೆರೆ ಸ್ಟುಡಿಯೋ

ಕುಡ್ಲದ ತಂಗೀ, ಮುಂದಿನ ತಿಂಗಳು ಒಂದು ಮದುವೆ ಇದೆ, ಹುಡುಗಿ ಎಣ್ಣೆಗೆಂಪು. ನಿನ್ನೆ ಅವರ ಮನೆಗೆ ಹೋಗಿ ಅದೇ ಮೇಕಪ್, ಅದೇ ಸೀರೆಯಲ್ಲಿ ಟ್ರಯಲ್ ಫೋಟೋ ತೆಗೆದೆ. ಲೈಟ್ ಪಕ್ಕದಿಂದ ಇಟ್ಟೆ, ಮುಖಕ್ಕೆ ಮೀಟರ್ ಮಾಡಿದೆ, ಪ್ರಿಸೆಟ್ ಹಾಕದೆ ಪ್ರಿಂಟ್ ಮಾಡಿ ಕೈಗೆ ಕೊಟ್ಟೆ. ಅವಳು ಒಪ್ಪಿದಳು. ಗಂಡಿನ ತಾಯಿ "ಇನ್ನೂ ಸ್ವಲ್ಪ ಬಿಳುಪು ಬರಲಿ" ಅಂತಿದ್ದಾರೆ. ಆ ಮಾತುಕತೆ ಇನ್ನೂ ನಡೀತಿದೆ. ಹುಡುಗಿ ತನ್ನ ಕಡೆ ಗಟ್ಟಿಯಾಗಿ ನಿಂತಿದ್ದಾಳೆ, ನಾನೂ ಅವಳ ಜೊತೆ ಇದ್ದೀನಿ.